ಗದ್ದೆಯ ಮೇಲಿನ ದಾರಿ

ಸಾಗರದ ಕಡೆ, ಶರಾವತಿ ಹಿನ್ನೀರಿನ ದಂಡೆಯಲ್ಲಿ ಒಂದು ದೋಣಿ ಶಿಬಿರವಿದೆ. ಪೇಟೆಯವರು ಬಂದು ಹುಟ್ಟು ಹಾಕಲು ಕಲಿತು, ಫೋಟೊ ತೆಗೆಸಿಕೊಂಡು, ರಂಗಮ್ಮನ ಅಡುಗೆ ಹೊಗಳಿ ಹೋಗುತ್ತಾರೆ. ಅಲ್ಲಿನ ಗೈಡುಗಳಿಗಿಂತ ಚೆನ್ನಾಗಿ ರಂಗಮ್ಮ ದೋಣಿ ನಡೆಸಬಲ್ಲಳು. ಅವಳು ಇಲ್ಲಿ ಅಡುಗೆಗೆ ಸೇರಿದ ಹದಿನಾರು ವರ್ಷದಲ್ಲಿ ಅದನ್ನು ಯಾರೂ ಕೇಳಲಿಲ್ಲ. ಕೇಳದೆ ಹೇಳಿಕೊಳ್ಳುವ ಜಾಯಮಾನ ಅವಳದ್ದಲ್ಲ.

ಅವಳಿಗೆ ಎಂಟು ವರ್ಷವಾಗಿದ್ದಾಗ ಅಣೆಕಟ್ಟಿನ ನೀರು ಊರನ್ನು ನುಂಗಿತು. ಆಮೇಲೆ ಸಂತೆಗೂ ಆಸ್ಪತ್ರೆಗೂ ದೋಣಿಯೇ ಗತಿಯಾಯಿತು. ಊರು ಮಾತ್ರ ಅವಳ ತಲೆಯೊಳಗೆ ಮುಳುಗಲೇ ಇಲ್ಲ. ಅಂಗಳ ಎಲ್ಲಿತ್ತು, ಕಣ ಎಲ್ಲಿತ್ತು ಎಂದು ಈಗಲೂ ಬೆರಳು ಮಾಡಿ ತೋರಿಸುತ್ತಾಳೆ.

ಹೊಸನಗರದ ಟೈಲರ್ ಒಬ್ಬರ ಮಗಳು ಧನ್ಯಶ್ರೀ ಗೈಡ್ ಕೆಲಸ ಕಲಿಯಲು ಬಂದಳು. ಆ ಕೆಲಸಕ್ಕೆ ಬಂದ ಮೊದಲ ಹುಡುಗಿ. ಮ್ಯಾನೇಜರ್ ಮಹಾಗಣಪತಿ ಕೆಟ್ಟವನಲ್ಲ, ಪುಕ್ಕಲ. "ಏಪ್ರಿಲ್‌ನಲ್ಲಿ ಒಂದು ಗುಂಪನ್ನ ಆಚೆ ದಂಡೆಗೆ ಕರ್ಕೊಂಡ್ಹೋಗಿ ವಾಪಸ್ ತಾ. ಆಮೇಲೆ ಕೆಲ್ಸ ಖಾಯಂ" ಎಂದ. ಉಳಿದ ಗೈಡುಗಳು ಅವಳಿಗೆ ಲೈಫ್ ಜಾಕೆಟ್ ತೊಳೆಯುವುದನ್ನು ಮಾತ್ರ ಬಹಳ ಶ್ರದ್ಧೆಯಿಂದ ಕಲಿಸಿದರು.

ಮಿಕ್ಕದ್ದನ್ನು ಕಲಿಸಿದವಳು ರಂಗಮ್ಮ. ತಿಂಡಿಯ ಕೆಲಸ ಮುಗಿಸಿ ಹುಡುಗಿಯನ್ನು ನೀರಿಗೆ ಕರೆದೊಯ್ಯುತ್ತಿದ್ದಳು.

"ಈಗ ಎಲ್ಲಿದೀವಿ?"

"ನೀರಲ್ಲಿ, ಅಜ್ಜಿ."

"ಅಲ್ಲ, ನಮ್ಮವ್ವನ ಹಿತ್ಲಲ್ಲಿ. ಕೆಳ್ಗೆ ಹಲಸಿನ ಬೊಡ್ಡೆ ಐತೆ. ಬೇಸ್ಗೇಲಿ ನೀರಿಳಿದ್ರೆ ದೋಣಿ ಹೊಟ್ಟೆ ಸೀಳ್ತದೆ. ಗದ್ದೆ ಮೇಲೆ ಹೋಗು. ಗದ್ದೇಲಿ ಯಾರೂ ಮರ ಬೆಳ್ಸಲ್ಲ."

ಏಪ್ರಿಲ್ ಬಂತು. ಆರು ಜನರನ್ನು ಕೂರಿಸಿಕೊಂಡು ಹೋದ ಧನ್ಯಶ್ರೀ ಹಿಂತಿರುಗುವಾಗ ಮಧ್ಯಾಹ್ನದ ಗಾಳಿ ಎದ್ದಿತು. ದೋಣಿ ಎಂದಿನ ದಾರಿ ಬಿಟ್ಟು ನೇರ ಬೊಡ್ಡೆಗಳ ಕಡೆಗೆ ಸರಿಯತೊಡಗಿತು. ರಂಗಮ್ಮ ಒದ್ದೆ ಕೈಯಲ್ಲೇ ದಂಡೆಗೆ ಓಡಿ ಬಂದಳು. ಜನರ ಜೀವದ ಭಯ ಒಂದು ಕಡೆ. ಇವತ್ತು ಏನಾದರೂ ಆದರೆ ಇನ್ನೊಬ್ಬ ಹುಡುಗಿಗೆ ಇಲ್ಲಿ ಹುಟ್ಟು ಸಿಗುವುದಿಲ್ಲವೆಂಬ ಸಂಕಟ ಇನ್ನೊಂದು ಕಡೆ.

ಅಷ್ಟರಲ್ಲಿ ದೋಣಿ ದಂಡೆಗೆ ಬೆನ್ನು ತಿರುಗಿಸಿತು.

"ಎತ್ಲಾಗೆ ಹೊರಟ್ಲು ಇವ್ಳು?" ಅವಳ ಪಕ್ಕಕ್ಕೆ ಓಡಿ ಬಂದ ಮಹಾಗಣಪತಿ ಕೂಗಿದ.

"ಗದ್ದೆಗೆ" ಎಂದಳು ರಂಗಮ್ಮ.

ದೋಣಿ ಹಿತ್ತಲನ್ನು ಬಳಸಿ, ಕಣದ ಆಚೆಗೆ ಹೋಗಿ, ಗದ್ದೆಯ ಉದ್ದಕ್ಕೂ ಬಂದು ದಡ ಸೇರಿತು. ಇಳಿದವರ ಮುಖ ಬಿಳಿಚಿಕೊಂಡಿತ್ತು. ಅವರಲ್ಲೊಬ್ಬರು, "ಬರೀ ನೀರಲ್ಲಿ ದಾರಿ ಹೇಗಮ್ಮ ಗೊತ್ತಾಯ್ತು?" ಎಂದು ಕೇಳಿದರು.

"ಕೆಳಗಿರೋದು ನಮ್ಮ ಗುರುಗಳ ಮನೆ ಗದ್ದೆ. ಅವ್ರೇ ಕಲ್ಸಿದ್ದು" ಎಂದು ಧನ್ಯಶ್ರೀ ರಂಗಮ್ಮನ ಕಡೆ ಕೈ ತೋರಿಸಿದಳು.

ಗುರುಗಳು ಯಾರು ಬಂದರೆಂದು ರಂಗಮ್ಮ ತಿರುಗಿ ನೋಡಿದಳು. ಹಿಂದೆ ಯಾರೂ ಇರಲಿಲ್ಲ.