ಒಗ್ಗರಣೆ ಹಾಕಿದ ಮಂಡಕ್ಕಿ ಪಾಯಸ

ಹೊನ್ನಾಳಿಯ ಮಹಾಜನಗಳೇ, ನಾಲಿಗೆಯುಳ್ಳ ಸಕಲ ಜೀವಿಗಳೇ! ಇಂದು ಬೆಳಿಗ್ಗೆ ನಮ್ಮ ಸೀಮೆಎಣ್ಣೆ ಸ್ಟೋವಿನ ಮೇಲೆ ಪಾಕಶಾಸ್ತ್ರದ ಹೊಸ ಯುಗ ಉದಯಿಸಿತು.

ಜ್ವರ ಬಿಟ್ಟು ಎರಡು ದಿನವಾದರೂ ಅವ್ವ ಹಾಸಿಗೆ ಬಿಟ್ಟಿರಲಿಲ್ಲ, ಗಂಜಿಯನ್ನೂ ಮುಟ್ಟಿರಲಿಲ್ಲ. ಹೆಂಡತಿ ನ್ಯಾಮತಿಗೆ, ತವರಿಗೆ ಹೋಗಿದ್ದಳು. ಹಾಗಾಗಿ ನಾನೇ ಮಂಡಕ್ಕಿಯನ್ನು ಬೆಲ್ಲದ ಹಾಲಿನಲ್ಲಿ ಕುದಿಸಿ, ಕೆಟ್ಟ ಬಾಯಿಗೆ ರುಚಿ ಬರಲೆಂದು ಮೇಲೆ ಹಸಿಮೆಣಸಿನಕಾಯಿ, ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟೆ. ಬಟ್ಟಲು ಮುಂದಿಟ್ಟು ಪದ್ಯವನ್ನೂ ಹೇಳಿದೆ:

“ಗಂಜಿ ಒಲ್ಲದ ನಾಲಿಗೆಗೆ
ಮಂಡಕ್ಕಿ ಬಂತು ಬಟ್ಟಲಿಗೆ!”

ಅವ್ವ ಒಂದು ಚಮಚ ಬಾಯಿಗಿಟ್ಟು ಕಣ್ಣು ಅಗಲಿಸಿದಳು.

“ಏನೋ ಇದು?”

“ಪಾಯಸ ಅವ್ವಾ.”

“ಪಾಯಸಕ್ಕೆ ಬೆಳ್ಳುಳ್ಳಿ ಹಾಕಾಕೆ ಯಾವ ಕಾಲೇಜ್ನಾಗೆ ಕಲಿಸಿದ್ರೋ? ನಾಲಿಗೆ ಕೆಟ್ಟೈತೆ ಅಂದ್ರೆ ಬುದ್ಧೀನೂ ಕೆಟ್ಟೈತೆ ಅನ್ಕಂಡ್ಯಾ? ಗರಿಗರಿ ಮಂಡಕ್ಕೀನ ಹಿಂಗೆ ಮುಳುಗಿಸಿ ಸಾಯಿಸಿದ್ಯಲ್ಲೋ! ಸರಿ ಅತ್ಲಾಗೆ!”

ಎದ್ದವಳೇ ಅಡುಗೆಮನೆಗೆ ನಡೆದು, ಡಬ್ಬಿಯಲ್ಲಿ ಉಳಿದಿದ್ದ ಮಂಡಕ್ಕಿಗೆ ತಾನೇ ಒಗ್ಗರಣೆ ಹಾಕಿ, ಎರಡು ತಟ್ಟೆ ತಿಂದಳು.

ನನ್ನ ಪಾಯಸವೇ ಅವ್ವನನ್ನು ಎಬ್ಬಿಸಿತೆಂದು ಬೀದಿಯವರಿಗೆಲ್ಲ ಹೇಳಿ ಬಂದಿದ್ದೇನೆ. ನಿಜ ಹೇಳಿಬಿಡುತ್ತೇನೆ: ಅದನ್ನು ನಾನು ಇನ್ನೂ ರುಚಿ ನೋಡಿಲ್ಲ. ಸ್ಟೋವಿನ ಮೇಲಿದ್ದಾಗಲೇ ಅದರ ವಾಸನೆಗೆ ಹೆದರಿದ್ದೆ.