ದೊಡ್ಡಪ್ಪ ಕರೆಸಿದ ಜಾಝ್

ದೊಡ್ಡಪ್ಪನ ಎಡಗಿವಿಯ ಮಡಿಕೆಯಲ್ಲಿ ಯಾವಾಗಲೂ ಅತ್ತರಿನಲ್ಲಿ ಅದ್ದಿದ ಹತ್ತಿಯ ಸಣ್ಣ ಉಂಡೆಯೊಂದು ಇರುತ್ತಿತ್ತು. ಹತ್ತಿ ಅವರದೇ ಜಿನ್ನಿಂಗ್ ಫ್ಯಾಕ್ಟರಿಯದು, ಅತ್ತರು ಹುಬ್ಬಳ್ಳಿಯದು. ಸ್ನಾನ ಮುಗಿಸಿ, ಪೂಜೆಗೂ ಮೊದಲು, ಅದನ್ನು ಬದಲಿಸುತ್ತಿದ್ದರು. ಅವರು ಪಡಸಾಲೆಗೆ ಬರುವ ಮುಂಚೆಯೇ ಆ ವಾಸನೆ ಬರುತ್ತಿತ್ತು, ಮಕ್ಕಳೆಲ್ಲ ನಗುವುದನ್ನು ನಿಲ್ಲಿಸುತ್ತಿದ್ದೆವು.

ನನ್ನ ತಂದೆಯ ಅಣ್ಣ ಅವರು. ಸೊರಟೂರಿನಿಂದ ಬಂದು ಬೆಟಗೇರಿಯಲ್ಲಿ ಮನೆ ಕಟ್ಟಿದವರು. ಇಂಗ್ಲಿಷ್ ಪತ್ರಿಕೆ ತರಿಸುತ್ತಿದ್ದರು. ಓದಲು ಬರುತ್ತಿರಲಿಲ್ಲ, ಆದ್ದರಿಂದ ಅದನ್ನು ಹೆಸರು ಮೇಲೆ ಬರುವಂತೆ ಮಡಚಿ ಕಾರಿನ ಹಿಂದಿನ ಗಾಜಿನ ಹತ್ತಿರ ಇಡುತ್ತಿದ್ದರು. ಪುಸ್ತಕದ ಕಪಾಟಿಗೆ ಬೀಗವಿತ್ತು, ಬೀಗದ ಕೈ ಎಲ್ಲಿದೆಯೆಂದು ಯಾರಿಗೂ ನೆನಪಿರಲಿಲ್ಲ. "ಕಾಣಬೇಕು. ಕಂಡದ್ದಷ್ಟ ಖರೆ," ಎನ್ನುತ್ತಿದ್ದರು. ಆ ಮಾತನ್ನು ಅವರು ಇಡೀ ಜೀವನ ಪಾಲಿಸಿದರು.

ನನ್ನನ್ನು ಓದಿಸಿದ್ದೂ ಅವರೇ. ಬಿ.ಎ. ಮುಗಿದಾಗ ಅಪ್ಪ ಲಕ್ಷ್ಮೇಶ್ವರದಲ್ಲಿ ಒಂದು ಸಂಬಂಧ ನೋಡಿದ್ದರು. ದೊಡ್ಡಪ್ಪ ಅದನ್ನು ಒಂದೇ ಮಾತಿನಲ್ಲಿ ಮುಗಿಸಿದರು: "ನಮ್ಮ ಮನಿತನದಾಗ ಎಂ.ಎ. ಆದವರು ಒಬ್ರರ ಕಾಣಬೇಕು." ಹೀಗೆ ನಾನು ಧಾರವಾಡಕ್ಕೆ ಹೋದೆ. ರಜೆಗೆ ಬಂದಾಗ ಯಾರಾದರೂ ಅತಿಥಿಗಳಿದ್ದರೆ ಅಡುಗೆಮನೆಯಿಂದ ನನ್ನನ್ನು ಕರೆಸುತ್ತಿದ್ದರು. "ಯವ್ವಾ, ನೀ ಏನ್ ಓದಾಕತ್ತಿ, ಹೇಳಿವರಿಗೆ." ನಾನು ಹೇಳುತ್ತಿದ್ದೆ. ಅವರು ನನ್ನನ್ನು ನೋಡುತ್ತಿರಲಿಲ್ಲ, ಅತಿಥಿಗಳ ಮುಖ ನೋಡುತ್ತಿದ್ದರು.

ಗದಗಿನ ವ್ಯಾಪಾರಸ್ಥರ ಕ್ಲಬ್ಬಿಗೆ ಅವರು ಹನ್ನೆರಡು ವರ್ಷ ಸೆಕ್ರೆಟರಿ. ಒಂದು ಹಾಲು, ನಾಲ್ಕು ರಮ್ಮಿ ಟೇಬಲ್ಲು, ಸುಗ್ಗಿಯಲ್ಲಿ ಯಾರದೋ ಮೆಣಸಿನಕಾಯಿ ಒಣಗುವ ಒಂದು ಬ್ಯಾಡ್ಮಿಂಟನ್ ಅಂಗಳ, ಇಷ್ಟೇ ಕ್ಲಬ್ಬು. ಅಧ್ಯಕ್ಷರ ಕುರ್ಚಿ ಖಾಲಿಯಾದಾಗ ಅದು ತಮಗೆ ಬರಲೇಬೇಕೆಂದು ದೊಡ್ಡಪ್ಪ ಊಟ ಬಿಟ್ಟರು. ಎದುರಿಗೆ ನಿಂತವರು ಎಣ್ಣೆ ಮಿಲ್ಲಿನ ಮಾಲೀಕರು. ಅವರು ಹಿಂದಿನ ವರ್ಷ ಒಬ್ಬ ಹಿಂದುಸ್ತಾನಿ ಗಾಯಕರನ್ನು ಕರೆಸಿ, ಗಾದಿ ಹಾಸಿ, ಮೂರು ತಾಸು ಹಾಡಿಸಿದ್ದರು. ನಮ್ಮ ಊರಲ್ಲಿ ಹಾಡಿಗೆ ಮರ್ಯಾದೆ ಇದೆ. ಕಿರಾಣಿ ಅಂಗಡಿಯವರೂ ತಬಲಾ ಸಮ್ಮಿಗೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬಂದಾಗ ಸರಿಯಾಗಿ ತಲೆದೂಗುತ್ತಾರೆ. ಹಾಗಾಗಿ ಯಾರೂ ಕೇಳದೇ ಇದ್ದದ್ದನ್ನು ತರಬೇಕೆಂದು ದೊಡ್ಡಪ್ಪ ನಿರ್ಧರಿಸಿದರು.

ಗೋವಾದ ಯಾವುದೋ ಹೋಟೆಲಿನಲ್ಲಿ ಅವರು ಸ್ವಿಂಗ್ ಜಾಝ್ ಎಂಬ ಅಮೆರಿಕದ ವಾದ್ಯಸಂಗೀತ ನೋಡಿದ್ದರು. ನೋಡಿದ್ದರು ಎಂದೇ ಹೇಳಬೇಕು, ಏಕೆಂದರೆ ಅವರಿಗೆ ನೆನಪಿದ್ದದ್ದು ಕೇಳುವವರ ಸೂಟುಗಳು. ವಿಚಾರಿಸಿದಾಗ, ರೈಲ್ವೆಯಿಂದ ನಿವೃತ್ತರಾದ ಐದು ಮಂದಿ ಹುಬ್ಬಳ್ಳಿಯಲ್ಲೇ ಅದನ್ನು ಬಾರಿಸುತ್ತಾರೆಂದು ತಿಳಿಯಿತು. ಒಂದು ಭಾನುವಾರ ಮಧ್ಯಾಹ್ನ ಮೂರಕ್ಕೆ ಕಾರ್ಯಕ್ರಮ, ಮುಗಿದ ಕೂಡಲೇ ಸಭೆ, ಕೈ ಎತ್ತಿ ಮತದಾನ. ಹುಬ್ಬಳ್ಳಿಯ ಒಬ್ಬ ದೊಡ್ಡ ಅಧಿಕಾರಿ ಮುಖ್ಯ ಅತಿಥಿ. ಎಂ.ಎ. ಓದುತ್ತಿದ್ದ ನಾನು ನಿರೂಪಕಿ.

ಎರಡೂವರೆಗೆ ಬ್ಯಾಂಡಿನವರು ಬಂದರು. ಬಿಳಿ ಅಂಗಿ, ಕೊರಳಿಗೆ ಕಪ್ಪು ಬೋ, ಎಲ್ಲರೂ ಎಪ್ಪತ್ತರ ಆಸುಪಾಸಿನವರು. ಟ್ರಂಪೆಟ್, ಕ್ಲಾರಿನೆಟ್, ಸ್ಯಾಕ್ಸೋಫೋನು, ಡ್ರಮ್ಮು, ಮತ್ತೆ ನೆಲದ ಮೇಲೆ ನಿಲ್ಲಿಸಿ ಬೆರಳಿನಿಂದ ಮೀಟುವ, ಪಿಟೀಲಿನ ಆಕಾರದ, ಆಳೆತ್ತರದ ಬಾಸ್. ದೊಡ್ಡಪ್ಪ ಅವರನ್ನು ಗೇಟಿನಲ್ಲೇ ತಡೆದರು.

"ಸಾಹೇಬ್ರ ಗಾಡಿ ಬಂತಂದ್ರ ಇಲ್ಲಿಂದ ಸ್ಟೇಜಿನತನಾ ನೀವು ಮುಂದ ಬಾರಸ್ಕೋಂತ ನಡೀರಿ."

ಟ್ರಂಪೆಟ್ಟಿನ ಮುದುಕರು ನಕ್ಕರು. "ಸರ್, ನಮ್ದು ಒಂದ್ಕಡೆ ಕುಂತು ಬಾರ್ಸೋದ್ರಿ. ಈ ಬಾಸ್ ಎತ್ಕೊಂಡು ನಡಿಯಾಕ ಬರಂಗಿಲ್ರಿ."

"ಕುಂತು ಬಾರಸಾಕ ನೀವೇನ್ ಗವಾಯಿಗಳೇನ್ರಿ? ಬ್ಯಾಂಡ್ ಅಂದಮ್ಯಾಲೆ ನಡೀಬೇಕು."

ನಮ್ಮ ಕಡೆಯ ಅಲಿಖಿತ ನಿಯಮ ಇದು. ಹಾಡುವವರಿಗೆ ಗಾದಿ, ಊದುವವರಿಗೆ ರಸ್ತೆ. ದೊಡ್ಡಪ್ಪ ಟ್ರಂಪೆಟ್ ಕಂಡರು, ಮದುಮಗನ ಮೆರವಣಿಗೆ ಕಂಡರು. ಇದು ಕುಳಿತು ಕೇಳುವ ಸಂಗೀತವೆಂದು ನನಗೆ ಗೊತ್ತಿತ್ತು. ಹಾಸ್ಟೆಲಿನಲ್ಲಿ ಗೆಳತಿಯ ಫೋನಿನಿಂದ ಈ ಸಂಗೀತವನ್ನು ಒಂದು ವರ್ಷ ಕೇಳಿದ್ದೆ. ಆದರೂ ಸುಮ್ಮನಿದ್ದೆ. ಅವರು ನಾಲ್ಕು ಜನರೆದುರು ದಡ್ಡರಾಗುವುದನ್ನು ನೋಡುವ ಆಸೆ ನನಗಿತ್ತು.

ಮೂರೂವರೆಯಾದರೂ ಅತಿಥಿ ಬರಲಿಲ್ಲ. ಒಳಗೆ ಸದಸ್ಯರು ಮಿರ್ಚಿ ಭಜಿ ತಿನ್ನುತ್ತ ರಮ್ಮಿಗೆ ಕುಳಿತರು. ದೊಡ್ಡಪ್ಪ ಆಫೀಸು ಕೋಣೆಯಲ್ಲಿ ಫೋನಿಗೆ ಅಂಟಿಕೊಂಡಿದ್ದರು. ಬ್ಯಾಂಡಿನವರು ಗೇಟಿನ ಬಳಿ ಬೇವಿನ ಗಿಡದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಬೇಸರಕ್ಕೋ ಏನೋ, ಡ್ರಮ್ಮಿನವರು ಮೆಲ್ಲಗೆ ತಾಳ ಹಿಡಿದರು. ಬಾಸ್ ಸೇರಿತು. ಆಮೇಲೆ ಕ್ಲಾರಿನೆಟ್ ಸುಳಿದು ಬಂತು, ಅದರ ಬೆನ್ನಿಗೆ ಟ್ರಂಪೆಟ್. ಇಡಬೇಕಾದ ಹೆಜ್ಜೆಯನ್ನು ಒಂದು ಚಣ ತಡೆದು ಇಡುವಂಥ ನಡೆ ಅದು. ಕೇಳುವವರ ಮೈ ಆ ಚಣವನ್ನು ತಾನೇ ತುಂಬಿಕೊಳ್ಳುತ್ತದೆ.

ಸದಸ್ಯರು ಇಸ್ಪೀಟು ಎಲೆಗಳನ್ನು ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಬಂದರು. ಮುಂಡರಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ಕಟ್ಟೆಯ ಮೇಲೆ ಕುಳಿತು ತಾಳ ಎಣಿಸುತ್ತ ಬೆರಳ ಗಂಟುಗಳ ಮೇಲೆ ಹೆಬ್ಬೆಟ್ಟು ಓಡಿಸಿದರು. ರಾಗ ಒಂದು ಸುತ್ತು ತಿರುಗಿ ಮೊದಲಿಗೆ ಬಂದಾಗ ಅವರ ತಲೆ ಸರಿಯಾಗಿ ಬಾಗಿತು.

"ಏ, ಇದಕ್ಕೂ ಸಮ್ ಐತಿ ನೋಡ್ರಲೇ."

ಎಣ್ಣೆ ಮಿಲ್ಲಿನವರು ತಮ್ಮ ಕುರ್ಚಿಯನ್ನು ತಾವೇ ಎತ್ತಿ ತಂದರು. ಉಳಿದವರೂ ತಂದರು. ದೊಡ್ಡಪ್ಪ ಗೆದ್ದರು ಎಂದುಕೊಂಡೆ. ಅವರು ಮಾಡಬೇಕಾದದ್ದು ಒಂದೇ, ಒಂದು ಕುರ್ಚಿ ಎಳೆದುಕೊಂಡು ಎಲ್ಲರ ನಡುವೆ ಕುಳಿತುಕೊಳ್ಳುವುದು.

ಅವರು ಹೊರಗೆ ಬಂದರು. ತಮ್ಮ ಫೋಟೋ ಹಾಕಿ ಕಟ್ಟಿಸಿದ್ದ ಬ್ಯಾನರಿಗೆ ಎಲ್ಲರೂ ಬೆನ್ನು ಹಾಕಿದ್ದು ಕಂಡಿತು.

"ಯವ್ವಾ, ನಿಂದ್ರಸ್ರಿ ಅಂತ ಹೇಳವರಿಗೆ. ಸಾಹೇಬ್ರು ಬಂದಾಗ ಹೊಸಾದು ಅನಸಬೇಕು. ಈಗ ಬಾರಿಸಿದ್ರ ಹಳಸತೈತಿ."

ನಾನು ಮೈಕು ಹಿಡಿದೆ. "ಕಲಾವಿದರು ದಯವಿಟ್ಟು ಮುಖ್ಯ ಅತಿಥಿಗಳ ಆಗಮನದವರೆಗೆ ವಾದನವನ್ನು ನಿಲ್ಲಿಸಬೇಕಾಗಿ ವಿನಂತಿ." ಒಂದು ತಪ್ಪೂ ಇಲ್ಲದ ವಾಕ್ಯ. ಟ್ರಂಪೆಟ್ಟಿನವರು ಕೊಳವೆ ಕೆಳಗಿಳಿಸಿ ದೊಡ್ಡಪ್ಪನನ್ನಲ್ಲ, ನನ್ನನ್ನು ನೋಡಿದರು.

"ಬಾರಸ್ಲಿ ಬಿಡ್ರಿ, ಸೆಕ್ರೆಟರಿ ಸಾಹೇಬ್ರ. ನಿಮಗೇನ್ ತ್ರಾಸ?" ಎಂದರು ಎಣ್ಣೆ ಮಿಲ್ಲಿನವರು.

"ಆಮಂತ್ರಣ ಪತ್ರಿಕಾದಾಗ ಇದ್ದಂಗ ನಡೀಬೇಕ್ರಿ," ಎಂದರು ದೊಡ್ಡಪ್ಪ.

ಅಧಿಕಾರಿ ಬಂದದ್ದು ಐದಕ್ಕೆ. ಇಬ್ಬರು ವೇಟರುಗಳು ಬಾಸನ್ನು ಅಡ್ಡಡ್ಡ ಹೊತ್ತರು, ಅದನ್ನು ಬಾರಿಸುವ ಮುದುಕರು ಪಕ್ಕದಲ್ಲಿ ಓಡುತ್ತ ತಂತಿ ಮೀಟಿದರು. ಡ್ರಮ್ಮು ಗೇಟಿನಲ್ಲೇ ಉಳಿಯಿತು. ಅತಿಥಿ ಫೋನಿನಲ್ಲಿ ಮಾತಾಡುತ್ತ ನಡೆದರು, ಮಾಲೆ ಹಾಕಿಸಿಕೊಂಡರು, ಶಾಲು ಹೊದಿಸಿಕೊಂಡರು, ಹೋದರು. ದೊಡ್ಡಪ್ಪ ಬೆವರು ಒರೆಸಿಕೊಂಡು ಹೆಮ್ಮೆಯಿಂದ ಸುತ್ತ ನೋಡಿದರು. ಅಂಥ ಮುಖದ ಬಗ್ಗೆ ಕರುಣೆ ಹುಟ್ಟಬೇಕು. ನನಗೆ ಹುಟ್ಟಲಿಲ್ಲ.

ಸಭೆಯಲ್ಲಿ ಅವರು ಸೋತರು. ಮತ ಕೊಡುತ್ತೇನೆಂದು ನಮ್ಮ ಮನೆಯಲ್ಲಿ ಎರಡು ಸಲ ಉಂಡಿದ್ದ ಮುಂಡರಗಿಯವರೂ ಕೈ ಎತ್ತಲಿಲ್ಲ. ದೊಡ್ಡಪ್ಪನಿಗೆ ಕೇಳುವಂತೆಯೇ ಹೇಳಿದರು: "ಬಾರಿಸೋದನ್ನ ಅರ್ಧಕ್ಕ ಕತ್ತರಿಸೋ ಮನಶ್ಯಾನ ಕೈಯಾಗ ಕ್ಲಬ್ ಹ್ಯಾಂಗ ಕೊಡೂದ್ರಿ?"

ಮನೆಗೆ ಹೋಗುವಾಗ ದೊಡ್ಡಪ್ಪ ತಾವೇ ಕಾರು ಓಡಿಸಿದರು. ಬೆಟಗೇರಿಯ ಹತ್ತಿರ ಬಂದಾಗ ಕೇಳಿದರು:

"ಗಿಡದ ಕೆಳಗ ಬಾರಿಸಿದ್ರಲಾ, ಅದು ಛಲೋ ಇತ್ತೇನ?"

"ಇತ್ರಿ."

"ನಿನಗ ಆವಾಗ ಗೊತ್ತಿತ್ತು?"

"ಹೂಂರಿ."

ಕಾರು ನಿಲ್ಲಿಸಿದರು. ತಿರುಗಿ ನನ್ನ ಮುಖ ನೋಡಿದರು. "ಮತ್ತ ನನಗ ಯಾಕ ಹೇಳಲಿಲ್ಲ, ಯವ್ವಾ? ನಿನ್ನ ಓದಿಸಿದ್ದು ಯಾತಕ್ಕ?"

ಮಂದಿಗೆ ತೋರಿಸಲಿಕ್ಕೆ ಎಂಬ ಉತ್ತರ ವರ್ಷಗಳಿಂದ ನನ್ನ ಬಾಯಲ್ಲಿ ತಯಾರಿತ್ತು. ಆದರೆ ಈಗ ನೋಡಲು ಮಂದಿ ಯಾರೂ ಇರಲಿಲ್ಲ, ಅವರು ನಿಜವಾಗಿ ಕೇಳುತ್ತಿದ್ದರು. ಆ ಉತ್ತರ ಸುಳ್ಳಾಗುತ್ತಿತ್ತು.

ಮತ್ತೆ ಅವರು ಕ್ಲಬ್ಬಿಗೆ ಹೋಗಲಿಲ್ಲ. ಎರಡು ವರ್ಷದ ನಂತರ, ಒಂದು ಬೆಳಿಗ್ಗೆ, ಚಹಾ ಕುಡಿಯುತ್ತ ತೀರಿಕೊಂಡರು. ಅವರ ಬಗ್ಗೆ ನನ್ನ ಅಭಿಪ್ರಾಯ ಸಾವಿನಿಂದ ಬದಲಾಗಿಲ್ಲ. ಅವರು ಪೊಳ್ಳು ಮನುಷ್ಯ. ಆದರೆ ಆ ಮಧ್ಯಾಹ್ನ ಬೇವಿನ ಗಿಡದ ಕೆಳಗೆ ಏನು ನಡೆಯುತ್ತಿದೆಯೆಂದು ಅವರಿಗೆ ತಿಳಿದಿರಲಿಲ್ಲ. ನನಗೆ ತಿಳಿದಿತ್ತು, ತಿಳಿಯುವಂತೆ ಮಾಡಿದವರೂ ಅವರೇ. ನಿಲ್ಲಿಸಿದವಳು ನಾನು.