ಗಾಜಿನ ಎಳೆಯ ಲಡಿ

ನಾನು ಆರನೇ ಇಯತ್ತೆಗೆ ಶಾಲೆ ಬಿಟ್ಟು ಮಗ್ಗಕ್ಕೆ ಕುಳಿತವನು. ನನ್ನ ತಂಗಿ ಬಿ.ಕಾಂ. ಮುಗಿಸಿದವಳು. ಈ ಬರವಣಿಗೆ ಅವಳಿಗೆ ನಾನು ಮಾಡಿದ ಅನ್ಯಾಯದ ಕುರಿತು.

ಹೋದ ವರ್ಷ ಅವಳು ಲಕ್ಷ್ಮೇಶ್ವರದ ಗಂಡನ ಮನೆಯಿಂದ ಮಗಳನ್ನು ಎತ್ತಿಕೊಂಡು ಬೆಟಗೇರಿಯ ನಮ್ಮ ಮನೆಗೆ ಬಂದಳು. ಮನೆಯಲ್ಲೇ ಕುಳಿತು ಫೋನಿನಲ್ಲಿ ಗಿರಾಕಿಗಳಿಗೆ ಉತ್ತರ ಹೇಳುವ ಒಂದು ಕೆಲಸ ಅವಳಿಗೆ ಸಿಕ್ಕಿತ್ತು. ಸೊಸೆ ದುಡಿಯುವುದು ಅವಳ ಮಾವನಿಗೆ ಬೇಡವಾಗಿತ್ತು. ಮೊದಲ ಒಂದು ತಿಂಗಳು ಪರೀಕ್ಷೆ. ಕೆಲಸ ಕಾಯಂ ಆದರೆ ಬೆಟಗೇರಿಯಲ್ಲೇ ಇರುತ್ತೇನೆ, ಆಗದಿದ್ದರೆ ನಾನಾಗಿಯೇ ವಾಪಸು ಬರುತ್ತೇನೆ ಎಂದು ಅವರ ಮುಂದೆ ಮಾತು ಕೊಟ್ಟು ಬಂದಿದ್ದಳು.

ಮನೆಗೆ ಇಂಟರ್‌ನೆಟ್ ವೈರು ಬೇಕು ಎಂಬುದು ಆಫೀಸಿನ ಷರತ್ತು. ಜೋಡಿಸಲು ಬಂದವನು ನನ್ನ ವಾರಿಗೆಯವನೇ. ಹೊರಗಿನ ಕಂಬದಿಂದ ವೈರು ತಂದು ಒಂದು ಸಣ್ಣ ಡಬ್ಬಿಗೆ ಸಿಕ್ಕಿಸಿದ, ಅಲ್ಲಿಂದ ರೂಟರಿಗೆ ಇನ್ನೊಂದು ವೈರು ಹಾಕಿದ. ರೂಟರನ್ನು ನಡುಮನೆಯಲ್ಲಿ, ತಂಗಿ ಕುಳಿತುಕೊಳ್ಳುವ ಜಾಗದ ಹತ್ತಿರ, ಎದೆಯೆತ್ತರದಲ್ಲಿ ಬಯಲಿಗೆ ಇಟ್ಟ. ಕಬ್ಬಿಣದ ಕಪಾಟಿನೊಳಗೆ ಇಡಬಾರದು, ಕಲ್ಲುಗೋಡೆ ಅಡ್ಡ ಬಂದಷ್ಟೂ ಸಿಗ್ನಲ್ ಕಡಿಮೆಯಾಗುತ್ತದೆ ಎಂದು ಹೇಳಿದ. ಉಳಿದ ವೈರನ್ನು ಹಿಟ್ಟು ನಾದುವ ಪರಾತದಷ್ಟು ಅಗಲದ ಸಡಿಲ ಸುತ್ತು ಮಾಡಿ ಅಲ್ಲೇ ಇದ್ದ ನನ್ನ ಮಗ್ಗದ ಮೇಲಿನ ಮೊಳೆಗೆ ನೇತುಹಾಕಿದ.

"ಇದನ್ನ ಮಣಿಸಬ್ಯಾಡ್ರಿ ಯಜಮಾನ್ರ. ಒಳಗ ಗಾಜಿನ ಎಳಿ ಐತಿ, ಅದರಾಗ ಬೆಳಕು ಹರೀತೈತಿ" ಎಂದ. ಹೋಗುವಾಗ ಬಾಗಿಲಲ್ಲಿ ನಿಂತು ಮತ್ತೊಮ್ಮೆ ಹೇಳಿದ.

ನಾನು ಎಲ್ಲ ತಿಳಿದವನಂತೆ ತಲೆಯಾಡಿಸಿದೆ. ಒಳಗೊಳಗೆ ನಗು ಬಂತು. ಹುಟ್ಟಿದಾಗಿನಿಂದ ನೂಲು ಹಿಡಿದ ಕೈ ನನ್ನದು. ಗಾಜಿನಿಂದ ಯಾರಾದರೂ ಎಳೆ ತೆಗೆಯುತ್ತಾರೆಯೇ? ತನ್ನ ಕೆಲಸ ದೊಡ್ಡದೆಂದು ತೋರಿಸಿಕೊಳ್ಳಲು ಹೇಳಿದ್ದಾನೆ ಎಂದುಕೊಂಡೆ.

ಮರುದಿನ ನೇಯಲು ಕುಳಿತರೆ ಆ ಸುತ್ತು ಜೋತುಬಿದ್ದು ಮಗ್ಗಕ್ಕೆ ಉದ್ದಕ್ಕೂ ಬಿಗಿದ ಹಾಸಿನ ನೂಲಿಗೆ ತಾಗುತ್ತಿತ್ತು. ಇಷ್ಟು ಸಡಿಲ ಬಿಡುವುದು ನಮ್ಮಲ್ಲಿ ಕೆಲಸಗೇಡಿಯ ಗುರುತು. ಇಳಿಸಿದೆ. ಸುತ್ತಿಟ್ಟ ನೂಲಿನ ಲಡಿಯನ್ನು ಹೇಗೆ ತಿರುವಿ ಒಂದು ತುದಿಯನ್ನು ಇನ್ನೊಂದರೊಳಗೆ ಸಿಕ್ಕಿಸಿ ಗಿಡ್ಡ ಮಾಡುತ್ತೇವೋ ಹಾಗೆ ತಿರುವಿದೆ. ಅಂಗೈಯಷ್ಟಾಯಿತು. ಮೇಲೆ ಹತ್ತಿಯ ದಾರ ಬಿಗಿದು ಗಂಟು ಹಾಕಿದೆ. ನೋಡಲು ಚೆಂದವಾಗಿತ್ತು.

ಆ ದಿನ ಏನೂ ಆಗಲಿಲ್ಲ. ಮೂರನೇ ದಿನ ಸಣ್ಣ ಡಬ್ಬಿಯಲ್ಲಿ ಕೆಂಪು ದೀಪ ಹತ್ತಿತು. ಆರಿತು. ಮತ್ತೆ ಹತ್ತಿತು. ತಂಗಿ ಮಾತಾಡುತ್ತಿದ್ದಂತೆಯೇ ಗಿರಾಕಿಯ ದನಿ ಕಡಿದುಹೋಯಿತು. ಕಿವಿಯಿಂದ ಹೆಡ್‌ಫೋನ್ ತೆಗೆದು ಅವಳು ನನ್ನ ಕಡೆ ನೋಡಿದಳು.

ನನ್ನ ಕಣ್ಣು ಲಡಿಯ ಕಡೆಗೇ ಹೋಯಿತು. ಆ ಕ್ಷಣಕ್ಕೇ ನನಗೆ ಸಂಶಯ ಬಂದಿತ್ತು. ಗೊತ್ತಿರಲಿಲ್ಲ ಎಂದು ಇಲ್ಲಿ ಬರೆಯಲಾರೆ.

ಅವಳು ವೈರಿನವರಿಗೆ ಫೋನ್ ಮಾಡಲು ಹೇಳಿದಳು. ಅವರ ನಂಬರು ನನ್ನ ಹತ್ತಿರ ಇತ್ತು, ಸಂಪರ್ಕವೂ ನನ್ನ ಹೆಸರಿನಲ್ಲೇ ಇತ್ತು. ಅವನು ಬಂದರೆ ಮೊದಲು ನೋಡುವುದೇ ಆ ಗಂಟನ್ನು. ತಂಗಿಯ ಮುಂದೆ, ಹೆಂಡತಿಯ ಮುಂದೆ, ಎರಡು ಸಲ ಹೇಳಿದ್ದೆನಲ್ಲ ಎನ್ನುತ್ತಾನೆ. ನಾನು ಫೋನ್ ಮಾಡಲಿಲ್ಲ.

"ಅಣ್ಣಾ, ಫೋನ್ ಹಚ್ಚಿದಿಯೇನು?" ಎಂದು ಸಂಜೆ ಕೇಳಿದಳು.

"ಹಚ್ಚೀನಿ. ನಾಳೆ ಬರ್ತಾರಂತ."

ಆ ನಾಳೆಯನ್ನು ಹತ್ತಾರು ಸಲ ಹೇಳಿದೆ. ಮನೆಯಲ್ಲಿ ಎಲ್ಲರೂ ಆ ಕಂಪನಿಯನ್ನು ಬೈದರು. ನಾನೂ ದನಿಗೂಡಿಸಿದೆ. ಕುಳಿತಲ್ಲಿ ಕುಳಿತಿರಲು ಆಗುತ್ತಿರಲಿಲ್ಲ. ನಾಲ್ಕು ಸಲ ಲಾಳಿ ಎಸೆದು ಏಳುವುದು, ಡಬ್ಬಿ ನೋಡುವುದು, ಮತ್ತೆ ಕೂಡುವುದು. ದಾರ ಕತ್ತರಿಸಬಹುದಿತ್ತು. ಎದುರಿಗೇ ಅವಳು ಕುಳಿತಿದ್ದಳು, ಏನು ಮಾಡುತ್ತಿ ಎಂದು ಕೇಳುತ್ತಾಳೆ ಎಂಬ ಅಂಜಿಕೆ. ಇನ್ನೂ ಒಂದಿತ್ತು, ಅದನ್ನೂ ಹೇಳುತ್ತೇನೆ. ಕೆಲಸ ಕಾಯಂ ಆದರೆ ಅವಳ ಪಗಾರ ನನ್ನ ಮಗ್ಗದ ದುಡಿಮೆಗಿಂತ ಹೆಚ್ಚಾಗುತ್ತಿತ್ತು. ಅದು ಮನಸ್ಸಿನ ಮೂಲೆಯಲ್ಲಿ ಕುಳಿತಿತ್ತು.

ಏನೋ ಮಾಡಿದೆ ಎನ್ನಿಸಿಕೊಳ್ಳಲು ಗದಗಿನ ಪೇಟೆಗೆ ಹೋದೆ, ಹೊಸ ರೂಟರ್ ತರಲು. ಅಂಗಡಿಯವನು ತಿಳಿವಳಿಕೆಯುಳ್ಳವನು. ಮನೆ ಎಷ್ಟು ಉದ್ದ, ಗೋಡೆ ಕಲ್ಲಿನದೋ ಇಟ್ಟಂಗಿಯದೋ, ಎಷ್ಟು ಜನ ಬಳಸುತ್ತೀರಿ ಎಂದು ಕೇಳಿದ. ಕೊನೆಗೆ, ಸಣ್ಣ ಡಬ್ಬಿಯಲ್ಲಿ ಕೆಂಪು ದೀಪ ಹತ್ತುತ್ತದೆಯೇ ಎಂದ. ಹತ್ತಿದರೆ ದೋಷ ವೈರಿನಲ್ಲಿ ಇರುತ್ತದೆ, ರೂಟರ್ ಬದಲಿಸಿ ಉಪಯೋಗವಿಲ್ಲ ಎಂದು ಬಿಡಿಸಿ ಹೇಳಿದ.

"ಇಲ್ರಿ, ಹತ್ತೂದಿಲ್ಲ" ಎಂದೆ.

ಹಾಗಾದರೆ ಸಿಗ್ನಲ್ ಸಾಲುತ್ತಿಲ್ಲ ಎಂದು ನಾಲ್ಕು ಆಂಟೆನಾ ಕಡ್ಡಿಯ ರೂಟರ್ ಕೊಟ್ಟ. ತಂಗಿ ಇಂಗ್ಲಿಷ್ ಓದಿ ಹೇಳಿದಂತೆ ನಾನು ಒತ್ತಿದೆ. ಹೆಸರು ಕೊಟ್ಟೆವು, ಪಾಸ್‌ವರ್ಡ್ ಹಾಕಿದೆವು. ನನ್ನ ಹೆಂಡತಿ ನೋಡುತ್ತ ನಿಂತಿದ್ದಳು.

"ಎರಡು ಕೋಡಿಂದು ಹೋತು, ನಾಕು ಕೋಡಿಂದು ಬಂತು. ಇದಾದ್ರೂ ಹಾಲು ಕೊಡತೈತೇನ್ರಿ?"

ತಂಗಿ ನಕ್ಕಳು. ಅರ್ಧ ತಾಸಿಗೆ ಕೆಂಪು ದೀಪ ಹತ್ತಿತು.

ತಿಂಗಳ ಕೊನೆಗೆ ಆಫೀಸಿನವರು, ನಿಮ್ಮ ಮಾತು ಚೆನ್ನಾಗಿದೆ, ಲೈನು ಚೆನ್ನಾಗಿಲ್ಲ ಎಂದು ಹೇಳಿ ಕೈಬಿಟ್ಟರು. ಮೂರನೇ ದಿನ ಅವಳ ಮಾವ ಬಂದರು. ಅವಳು ಕೊಟ್ಟ ಮಾತಿನಂತೆ ಚೀಲ ತುಂಬಿಕೊಂಡು ಹೋದಳು. ಬಸ್ ಸ್ಟ್ಯಾಂಡಿನಲ್ಲಿ ನನಗೇ ಸಮಾಧಾನ ಹೇಳಿದಳು. ನೀನಾದರೂ ಎಷ್ಟು ಒದ್ದಾಡುತ್ತಿ ಅಣ್ಣಾ ಎಂದಳು.

ಮನೆಗೆ ಬಂದು ಕತ್ತರಿ ತೆಗೆದುಕೊಂಡೆ. ದಾರ ಕತ್ತರಿಸಿ, ತಿರುವು ಬಿಚ್ಚಿ, ಮೊದಲಿನ ಹಾಗೆ ಅಗಲ ಸುತ್ತು ಮಾಡಿ ಹಾಕಿದೆ. ಹಸಿರು ದೀಪ ಹತ್ತಿತು. ಅದರ ಮುಂದೆ ಮಧ್ಯಾಹ್ನದ ಊಟ ಬಿಟ್ಟು ಕುಳಿತೆ. ಒಂದು ಸಲವಾದರೂ ಕೆಂಪಾಗಲಿ, ತಪ್ಪು ನನ್ನದಲ್ಲ ಎಂದಾಗಲಿ ಎಂದು ಬೇಡಿಕೊಂಡೆ. ಆಗಲಿಲ್ಲ. ಮರುದಿನವೂ ಆಗಲಿಲ್ಲ.

ಈ ಬೇಸಿಗೆಯಲ್ಲಿ ಅವಳ ಫೋನ್ ಬಂತು. ಇನ್ನೊಂದು ಆಫೀಸಿನವರು ಕರೆದಿದ್ದಾರೆ, ಇಲ್ಲಿಂದಲೇ ಮಾಡು, ಒಂದು ತಿಂಗಳು ನೋಡೋಣ ಎಂದು ಮಾವ ಒಪ್ಪಿದ್ದಾರೆ, ವೈರಿನವರು ಬರುವ ದಿನ ನೀನೂ ಬಾ ಎಂದಳು. ನಿನಗೆ ಇದೆಲ್ಲ ತಿಳಿಯುತ್ತದೆ ಎಂದಳು.

ಶಿರಹಟ್ಟಿ ಮೇಲೆ ಹೋಗುವ ಬಸ್ಸಿಗೆ ಹೊರಟೆ. ಸೀಟು ಇದ್ದರೂ ನಿಂತೇ ಹೋದೆ. ಲಕ್ಷ್ಮೇಶ್ವರದಲ್ಲಿ ವೈರಿನವನು ಕೆಲಸ ಮುಗಿಸುವವರೆಗೆ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದೆ. ರೂಟರಿಗೆ ಧೂಳು ಕೂಡದಿರಲಿ ಎಂದು ಅವಳ ಅತ್ತೆ ಕಸೂತಿ ಬಟ್ಟೆ ಹೊದಿಸಲು ಬಂದರು. ಅದು ಬಿಸಿಯಾಗುತ್ತದೆ, ಗಾಳಿ ಆಡಬೇಕು ಎಂದು ತೆಗೆಸಿದೆ. ನಿಮ್ಮಣ್ಣ ಬಲು ಶಾಣ್ಯಾ ಎಂದು ಅತ್ತೆ ಹೊಗಳಿದರು. ಅದನ್ನು ಕೇಳಿ ನಿಲ್ಲಲಾಗಲಿಲ್ಲ. ಅವರು ಒಳಗೆ ಹೋದ ಕೂಡಲೇ ತಂಗಿಗೆ ಹೇಳಿದೆ.

"ಅವತ್ತು ನಾ ಫೋನ್ ಹಚ್ಚಿರಲಿಲ್ಲ."

"ಯಾವತ್ತು?"

"ಒಂದು ದಿನಾನೂ ಹಚ್ಚಿಲ್ಲ. ವೈರು ತಿರುವಿ ಕಟ್ಟಿದಾಂವ ನಾನಽ. ಗೊತ್ತಿದ್ದೂ ಸುಮ್ಮನಿದ್ದೆ."

ಅವಳು ಹೆಡ್‌ಫೋನಿನ ವೈರನ್ನು ಬೆರಳಲ್ಲಿ ನೇರ ಮಾಡಿದಳು. ಆಮೇಲೆ ಗಡಿಯಾರ ನೋಡಿದಳು. "ನನ್ನ ಕೆಲಸ ಚಾಲೂ ಆಗತೈತಿ. ನೀ ಹೊರಗ ಕುಂಡ್ರು" ಎಂದು ಬಾಗಿಲು ಮುಚ್ಚಿಕೊಂಡಳು.

ಕಟ್ಟೆಯ ಮೇಲೆ ಕುಳಿತೆ, ಎದ್ದೆ, ಮತ್ತೆ ಕುಳಿತೆ. ಒಳಗಿನ ಅವಳ ದನಿ ಒಂದೇ ಸಮನೆ ಕೇಳುತ್ತಿತ್ತು. ಒಂದು ಕರೆ ಮುಗಿಯಿತು, ಇನ್ನೊಂದು. ಎಲ್ಲಿಯೂ ಕಡಿಯಲಿಲ್ಲ. ಗದಗಿನ ಎರಡು ಬಸ್ಸು ಹೋದವು.

ಊಟದ ಹೊತ್ತಿಗೆ ಹೊರಗೆ ಬಂದಳು. ಕಣ್ಣು ಕೆಂಪಾಗಿದ್ದವು, ದನಿ ಮಾತ್ರ ಗಿರಾಕಿಗಳಿಗೆ ಮಾತಾಡುವ ದನಿಯೇ.

"ಆ ವೈರು ಯಾರೂ ಮುಟ್ಟಬಾರದಂತ ಮಾವನವರಿಗೆ ನೀನಽ ಹೇಳಿ ಹೋಗು. ಯಾಕಂತನೂ ಹೇಳು. ನಾ ಸೋತು ಬಂದೀನಂತ ತಿಳಿದಾರ ಅವರು."

ಮಾವ ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದರು. ನಾನು ಎದುರು ನಿಂತಾಗ, ಕುಳಿತುಕೊಳ್ಳಿ ಬೀಗರೇ ಎಂದರು. ಕೂಡಲಿಲ್ಲ. ನಿಂತೇ ಮೊದಲಿನಿಂದ ಹೇಳತೊಡಗಿದೆ. ಅವರು ಪೇಪರ್ ಕೆಳಗಿಟ್ಟರು. ಮಾತು ತಡವರಿಸಿದಾಗ ನಾನು ತಂಗಿಯ ಕಡೆ ನೋಡಿದೆ. ಅವಳು ಊಟಕ್ಕೂ ಹೋಗದೆ ಬಾಗಿಲಲ್ಲಿ ನಿಂತು, ಮುಂದೆ ಹೇಳು ಎನ್ನುವಂತೆ ತಲೆಯಾಡಿಸಿದಳು.